ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ನಡುವಿನ ದೂರ ಹಾಗೂ ಪ್ರಯಾಣಕಾಲ

ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಕರ್ನಾಟಕ ರಾಜ್ಯದ ಉತ್ತರಭಾಗದಲ್ಲಿರುವ ಬಾಗಲಕೋಟೆ ಜಿಲ್ಲೆಯ ನಾಲ್ಕು ಪಟ್ಟಣಗಳು. ಇವುಗಳ ಪೈಕಿ ಪರಸ್ಪರ ಅತಿ ಸಮೀಪದಲ್ಲಿರುವುವು ಹುನಗುಂದ ಮತ್ತು ಇಳಕಲ್. ಇವೆರಡರ ನಡುವಣ ನೇರ ದೂರ ಸುಮಾರು 13 ಕಿ.ಮೀ. ನೇರ ದೂರದಲ್ಲಿ ಅತಿ ಹೆಚ್ಚಿನ ಅಂತರವಿರುವುದು ಬಾಗಲಕೋಟೆ ಮತ್ತು ಇಳಕಲ್ ನಡುವೆ (ಸುಮಾರು 51 ಕಿ.ಮೀ.). ಆದರೆ ರಸ್ತೆಯ ಲೆಕ್ಕದಲ್ಲಿ ಅತಿ ದೂರದ ಜೋಡಿ ಬಾದಾಮಿ ಮತ್ತು ಇಳಕಲ್ (70ರಿಂದ 80 ಕಿ.ಮೀ.). ನೇರ ದೂರಕ್ಕೂ ರಸ್ತೆಯ ದೂರಕ್ಕೂ ಇರುವ ಈ ವ್ಯತ್ಯಾಸಕ್ಕೆ ಮಲಪ್ರಭಾ ನದಿ, ಮರಳುಗಲ್ಲಿನ ಗುಡ್ಡಸಾಲುಗಳು ಮತ್ತು ರಸ್ತೆಗಳ ಐತಿಹಾಸಿಕ ಬೆಳವಣಿಗೆ ಕಾರಣಗಳಾಗಿವೆ.

ಈ ನಾಲ್ಕು ಪಟ್ಟಣಗಳಲ್ಲಿ ಯಾವುದರಲ್ಲಿಯೂ ಪ್ರಯಾಣಿಕ ವಿಮಾನ ನಿಲ್ದಾಣವಿಲ್ಲ. ಬಾಗಲಕೋಟೆ ಮತ್ತು ಬಾದಾಮಿಗಳಿಗೆ ರೈಲು ಸಂಪರ್ಕವಿದೆ. ಹುನಗುಂದ ಮತ್ತು ಇಳಕಲ್ ಪಟ್ಟಣಗಳಿಗೆ ರೈಲು ಮಾರ್ಗವಿಲ್ಲ. ಆದ್ದರಿಂದ ನಾಲ್ಕೂ ಊರುಗಳನ್ನು ಪರಸ್ಪರ ಜೋಡಿಸುವ ಸಾಧನ ರಸ್ತೆಯೊಂದೇ ಆಗಿದೆ.

ಭೌಗೋಳಿಕ ಸ್ಥಾನ

ನಾಲ್ಕು ಪಟ್ಟಣಗಳ ಅಕ್ಷಾಂಶ ಮತ್ತು ರೇಖಾಂಶಗಳು ಸ್ಥೂಲವಾಗಿ ಹೀಗಿವೆ:

ಬಾಗಲಕೋಟೆ: 16.18° ಉತ್ತರ, 75.70° ಪೂರ್ವ
ಬಾದಾಮಿ: 15.92° ಉತ್ತರ, 75.68° ಪೂರ್ವ
ಹುನಗುಂದ: 16.06° ಉತ್ತರ, 76.05° ಪೂರ್ವ
ಇಳಕಲ್: 15.97° ಉತ್ತರ, 76.13° ಪೂರ್ವ

ಈ ಅಂಕಿಗಳನ್ನು ನೋಡಿದರೆ ಬಾಗಲಕೋಟೆ ಮತ್ತು ಬಾದಾಮಿಗಳು ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲೆ ಉತ್ತರ-ದಕ್ಷಿಣವಾಗಿ ಇರುವುದು ತಿಳಿಯುತ್ತದೆ. ಬಾದಾಮಿ ಮತ್ತು ಇಳಕಲ್ಲುಗಳು ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಮೇಲೆ ಪಶ್ಚಿಮ-ಪೂರ್ವವಾಗಿ ಇವೆ. ನಕ್ಷೆಯಲ್ಲಿ ಹುನಗುಂದವು ಇಳಕಲ್ಲಿನ ವಾಯವ್ಯಕ್ಕೆ ಕಾಣುತ್ತದೆ. ನಾಲ್ಕೂ ಪಟ್ಟಣಗಳು ಸಮುದ್ರಮಟ್ಟದಿಂದ 500 ಮೀಟರಿಗಿಂತ ಎತ್ತರದಲ್ಲಿರುವ ದಖನ್ ಪ್ರಸ್ಥಭೂಮಿಯ ಮೇಲಿವೆ.

ಬಾಗಲಕೋಟೆಯು ಘಟಪ್ರಭಾ ನದಿಯ ದಡದಲ್ಲಿದೆ. ಮಲಪ್ರಭಾ ನದಿಯು ಬಾದಾಮಿಯ ದಕ್ಷಿಣಕ್ಕೆ ಹರಿದು, ಪಟ್ಟದಕಲ್ಲಿನ ಬಳಿ ಉತ್ತರಕ್ಕೆ ತಿರುಗಿ, ಐಹೊಳೆಯ ಪಕ್ಕದಿಂದ ಸಾಗಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಹೀಗಾಗಿ ಬಾಗಲಕೋಟೆ ಮತ್ತು ಬಾದಾಮಿಗಳು ಮಲಪ್ರಭೆಯ ಎಡದಂಡೆಯ ಕಡೆಗೂ ಹುನಗುಂದ ಮತ್ತು ಇಳಕಲ್ಲುಗಳು ಬಲದಂಡೆಯ ಕಡೆಗೂ ಉಳಿಯುತ್ತವೆ. ಮೊದಲಿನ ಎರಡು ಊರುಗಳಿಂದ ನಂತರದ ಎರಡು ಊರುಗಳಿಗೆ ಯಾವ ದಾರಿಯಿಂದ ಹೋದರೂ ಮಲಪ್ರಭೆಯನ್ನು ಒಂದೆಡೆ ದಾಟಲೇಬೇಕು. ಈ ಪ್ರದೇಶದ ಪ್ರಯಾಣವನ್ನು ಅರ್ಥಮಾಡಿಕೊಳ್ಳಲು ಇದು ಮುಖ್ಯವಾದ ಸಂಗತಿಯಾಗಿದೆ.

ನೇರ ದೂರ ಮತ್ತು ಅದನ್ನು ಕಂಡುಹಿಡಿಯುವ ಕ್ರಮ

ಎರಡು ಸ್ಥಳಗಳ ನಡುವೆ ಭೂಮಿಯ ಮೇಲ್ಮೈಗುಂಟ ಅಳೆಯುವ ಅತಿ ಕಡಿಮೆ ಅಂತರವನ್ನು ನೇರ ದೂರ ಅಥವಾ ವಾಯುಮಾರ್ಗದ ದೂರ ಎಂದು ಕರೆಯುತ್ತಾರೆ. ಭೂಮಿಯು ಗೋಳಾಕಾರವಾಗಿರುವುದರಿಂದ ಬಹುದೂರದ ಸ್ಥಳಗಳಿಗೆ ಈ ಅಂತರವನ್ನು ಮಹಾವೃತ್ತದ ಕಂಸವಾಗಿ, ಭೂಮಿಯ ಸರಾಸರಿ ತ್ರಿಜ್ಯವನ್ನು 6,371 ಕಿ.ಮೀ. ಎಂದು ಹಿಡಿದು ಲೆಕ್ಕ ಹಾಕಬೇಕು. ನೂರು ಕಿ.ಮೀ.ಗಿಂತ ಕಡಿಮೆ ಅಂತರದ ಊರುಗಳಿಗೆ ಶಾಲೆಯಲ್ಲಿ ಕಲಿಯುವ ಪೈಥಾಗೊರಸ್ ಪ್ರಮೇಯವೇ ಸಾಕಾಗುತ್ತದೆ.

ಈ ಭಾಗದಲ್ಲಿ ಒಂದು ಡಿಗ್ರಿ ಅಕ್ಷಾಂಶಕ್ಕೆ ಸುಮಾರು 110.6 ಕಿ.ಮೀ. ಆಗುತ್ತದೆ. ರೇಖಾಂಶಗಳು ಧ್ರುವಗಳ ಕಡೆಗೆ ಹೋದಂತೆ ಹತ್ತಿರವಾಗುವುದರಿಂದ, 16° ಉತ್ತರ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶಕ್ಕೆ ಸುಮಾರು 107 ಕಿ.ಮೀ. ಮಾತ್ರ. ಬಾದಾಮಿ ಮತ್ತು ಇಳಕಲ್ ನಡುವಣ ನೇರ ದೂರವನ್ನು ಉದಾಹರಣೆಯಾಗಿ ತೆಗೆದುಕೊಂಡರೆ:

ಅಕ್ಷಾಂಶದ ವ್ಯತ್ಯಾಸ 0.05° × 110.6 = ಸುಮಾರು 5.5 ಕಿ.ಮೀ.
ರೇಖಾಂಶದ ವ್ಯತ್ಯಾಸ 0.45° × 107 = ಸುಮಾರು 48.2 ಕಿ.ಮೀ.
ಇವೆರಡರ ವರ್ಗಗಳ ಮೊತ್ತದ ವರ್ಗಮೂಲ = ಸುಮಾರು 48.5 ಕಿ.ಮೀ.

ಇದೇ ಕ್ರಮದಲ್ಲಿ ದೊರೆಯುವ ಆರು ಜೋಡಿಗಳ ನೇರ ದೂರಗಳು:

ಹುನಗುಂದ – ಇಳಕಲ್: ಸುಮಾರು 13 ಕಿ.ಮೀ.
ಬಾಗಲಕೋಟೆ – ಬಾದಾಮಿ: ಸುಮಾರು 29 ಕಿ.ಮೀ.
ಬಾಗಲಕೋಟೆ – ಹುನಗುಂದ: ಸುಮಾರು 40 ಕಿ.ಮೀ.
ಬಾದಾಮಿ – ಹುನಗುಂದ: ಸುಮಾರು 42 ಕಿ.ಮೀ.
ಬಾದಾಮಿ – ಇಳಕಲ್: ಸುಮಾರು 48 ಕಿ.ಮೀ.
ಬಾಗಲಕೋಟೆ – ಇಳಕಲ್: ಸುಮಾರು 51 ಕಿ.ಮೀ.

ಅಕ್ಷಾಂಶ-ರೇಖಾಂಶಗಳನ್ನು ಎರಡು ದಶಮಾಂಶ ಸ್ಥಾನಗಳಿಗೆ ಸೀಮಿತಗೊಳಿಸಿದಾಗ ಉತ್ತರದಲ್ಲಿ ಒಂದು ಕಿ.ಮೀ.ನಷ್ಟು ಏರುಪೇರು ಸಹಜ. ಊರಿನ ಯಾವ ಭಾಗವನ್ನು ಕೇಂದ್ರವೆಂದು ಹಿಡಿಯಲಾಗಿದೆ ಎಂಬುದರ ಮೇಲೆಯೂ ಉತ್ತರ ಬದಲಾಗುತ್ತದೆ.

ರಸ್ತೆಯ ದೂರ

ರಸ್ತೆಯ ದೂರವು ಆರಿಸಿಕೊಂಡ ಮಾರ್ಗವನ್ನು ಅವಲಂಬಿಸಿರುತ್ತದೆ. ಬಳಕೆಯಲ್ಲಿರುವ ಮಾರ್ಗಗಳಲ್ಲಿ ಸ್ಥೂಲ ದೂರಗಳು ಹೀಗಿವೆ:

ಹುನಗುಂದ – ಇಳಕಲ್: ಸುಮಾರು 15 ಕಿ.ಮೀ.
ಬಾಗಲಕೋಟೆ – ಬಾದಾಮಿ: 35ರಿಂದ 40 ಕಿ.ಮೀ.
ಬಾಗಲಕೋಟೆ – ಹುನಗುಂದ: 45ರಿಂದ 50 ಕಿ.ಮೀ.
ಬಾಗಲಕೋಟೆ – ಇಳಕಲ್: 60ರಿಂದ 65 ಕಿ.ಮೀ.
ಬಾದಾಮಿ – ಹುನಗುಂದ: 60ರಿಂದ 65 ಕಿ.ಮೀ.
ಬಾದಾಮಿ – ಇಳಕಲ್: 70ರಿಂದ 80 ಕಿ.ಮೀ.

ಹುನಗುಂದ–ಇಳಕಲ್ ರಸ್ತೆಯು ನೇರ ದೂರಕ್ಕಿಂತ ಹೆಚ್ಚೇನೂ ಉದ್ದವಾಗಿಲ್ಲ. ಎರಡೂ ಪಟ್ಟಣಗಳು ಒಂದೇ ರಾಷ್ಟ್ರೀಯ ಹೆದ್ದಾರಿಯ ಮೇಲಿರುವುದು ಇದಕ್ಕೆ ಕಾರಣ. ಬಾದಾಮಿ–ಇಳಕಲ್ ರಸ್ತೆಯಾದರೋ ನೇರ ದೂರಕ್ಕಿಂತ ಅರ್ಧಪಾಲಿನಷ್ಟು ಹೆಚ್ಚು. ಬಾದಾಮಿಯ ಸುತ್ತಲಿನ ಕೆಂಪು ಮರಳುಗಲ್ಲಿನ ಬೆಟ್ಟಗಳನ್ನು ಬಳಸಿಕೊಂಡು, ಮಲಪ್ರಭೆಗೆ ಸೇತುವೆ ಇರುವ ಕಡೆಗೆ ಸಾಗಿ, ಮತ್ತೆ ಆಗ್ನೇಯಕ್ಕೆ ಹೊರಳಬೇಕಾಗುವುದರಿಂದ ದಾರಿ ಸುತ್ತಾಗುತ್ತದೆ.

ಪ್ರಮುಖ ರಸ್ತೆ ಮಾರ್ಗಗಳು

ಬಾಗಲಕೋಟೆ–ಹುನಗುಂದ ಮಾರ್ಗ: ಬಾಗಲಕೋಟೆಯಿಂದ ಶಿರೂರು, ಕಮತಗಿ ಮತ್ತು ಅಮೀನಗಡಗಳ ಮೂಲಕ ಹುನಗುಂದವನ್ನು ತಲುಪುವ ಈ ರಸ್ತೆಯು ರಾಯಚೂರು ಮತ್ತು ಬೆಳಗಾವಿ ದಿಕ್ಕುಗಳನ್ನು ಜೋಡಿಸುವ ಹಳೆಯ ಹೆದ್ದಾರಿಯ ಭಾಗವಾಗಿದೆ. ಕಮತಗಿಯು ಮಲಪ್ರಭಾ ತೀರದ ಊರು. ಅಮೀನಗಡವು ಕರದಂಟಿಗೆ ಹಾಗೂ ಜಾನುವಾರು ಸಂತೆಗೆ ಹೆಸರಾಗಿದೆ. ಇಲ್ಲಿಂದ ಐಹೊಳೆಗೆ ದಾರಿ ಕವಲೊಡೆಯುತ್ತದೆ.

ಬಾಗಲಕೋಟೆ–ಬಾದಾಮಿ ಮಾರ್ಗ: ಈ ಎರಡು ಪಟ್ಟಣಗಳ ನಡುವೆ ಒಂದಕ್ಕಿಂತ ಹೆಚ್ಚು ದಾರಿಗಳಿವೆ. ಗುಳೇದಗುಡ್ಡದ ಕಡೆಯಿಂದ ಹೋಗುವುದು ಒಂದು. ಪಶ್ಚಿಮಕ್ಕೆ ಸರಿದು ಕೆರೂರಿನ ಮೂಲಕ ಹೋಗುವುದು ಇನ್ನೊಂದು. ಕೆರೂರಿನ ದಾರಿ ತುಸು ದೂರವಾದರೂ ಹುಬ್ಬಳ್ಳಿಯ ಕಡೆಗೆ ಹೋಗುವವರಿಗೆ ಅನುಕೂಲವಾಗಿದೆ.

ಬಾದಾಮಿ–ಐಹೊಳೆ–ಹುನಗುಂದ ಮಾರ್ಗ: ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿ.ಮೀ. ಐಹೊಳೆಗೆ ಸುಮಾರು 35 ಕಿ.ಮೀ. ಇದೆ. ಐಹೊಳೆಯಿಂದ ಅಮೀನಗಡವನ್ನು ಸೇರಿ ಮುಂದೆ ಹುನಗುಂದಕ್ಕೆ ಹೋಗಬಹುದು. ಬಾದಾಮಿ ಚಾಲುಕ್ಯರ ಮೂರು ಪ್ರಮುಖ ಕೇಂದ್ರಗಳು ಈ ಒಂದೇ ದಾರಿಯಲ್ಲಿ ಸಿಗುವುದರಿಂದ ಪ್ರವಾಸಿಗರು ಮತ್ತು ಶಾಲಾ ಪ್ರವಾಸದ ತಂಡಗಳು ಇದನ್ನೇ ಹೆಚ್ಚಾಗಿ ಬಳಸುತ್ತಾರೆ. ಪಟ್ಟದಕಲ್ಲಿನ ದೇವಾಲಯ ಸಮೂಹವು 1987ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ.

ರಾಷ್ಟ್ರೀಯ ಹೆದ್ದಾರಿ 50: ಹಿಂದೆ ರಾಷ್ಟ್ರೀಯ ಹೆದ್ದಾರಿ 13 ಎಂದು ಕರೆಯಲಾಗುತ್ತಿದ್ದ ಸೊಲ್ಲಾಪುರ–ಮಂಗಳೂರು ಹೆದ್ದಾರಿಯ ಈ ಭಾಗವು ಈಗ ರಾಷ್ಟ್ರೀಯ ಹೆದ್ದಾರಿ 50 ಆಗಿದೆ. ವಿಜಯಪುರದಿಂದ ಬರುವ ಈ ರಸ್ತೆಯು ನಿಡಗುಂದಿಯ ಮೂಲಕ ಕೃಷ್ಣಾ ನದಿಯನ್ನು ದಾಟಿ ಹುನಗುಂದ, ಇಳಕಲ್, ಕುಷ್ಟಗಿಗಳನ್ನು ಹಾದು ಹೊಸಪೇಟೆ ಮತ್ತು ಚಿತ್ರದುರ್ಗದ ಕಡೆಗೆ ಸಾಗುತ್ತದೆ. ಹುನಗುಂದ–ಹೊಸಪೇಟೆ ಭಾಗವು ಚತುಷ್ಪಥವಾದ ಮೇಲೆ ಇಳಕಲ್ಲಿನಿಂದ ಬೆಂಗಳೂರಿನ ಕಡೆಗಿನ ಪ್ರಯಾಣಕಾಲ ಗಣನೀಯವಾಗಿ ತಗ್ಗಿತು. ಇಳಕಲ್ಲಿನ ಕೆಂಪು ಗ್ರಾನೈಟ್ ಶಿಲೆ ಹೊರಊರುಗಳಿಗೆ ಸಾಗುವುದೂ ಈ ಹೆದ್ದಾರಿಯಿಂದಲೇ.

ರಸ್ತೆ ಪ್ರಯಾಣದ ಅವಧಿ

ಸಾರ್ವಜನಿಕ ಬಸ್ ಸೇವೆಯನ್ನು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯು ಒದಗಿಸುತ್ತದೆ. ನಡುನಡುವೆ ನಿಲ್ಲುತ್ತ ಸಾಗುವ ಬಸ್ಸಿನ ಸರಾಸರಿ ವೇಗವನ್ನು ಗಂಟೆಗೆ 35–40 ಕಿ.ಮೀ. ಎಂದು ಹಿಡಿದರೆ ಬರುವ ಅಂದಾಜು ಅವಧಿಗಳು:

ಹುನಗುಂದ – ಇಳಕಲ್: ಸುಮಾರು 25 ನಿಮಿಷ
ಬಾಗಲಕೋಟೆ – ಬಾದಾಮಿ: ಸುಮಾರು 1 ಗಂಟೆ
ಬಾಗಲಕೋಟೆ – ಹುನಗುಂದ: ಸುಮಾರು 1 ಗಂಟೆ 15 ನಿಮಿಷ
ಬಾಗಲಕೋಟೆ – ಇಳಕಲ್: ಸುಮಾರು 1 ಗಂಟೆ 40 ನಿಮಿಷ
ಬಾದಾಮಿ – ಹುನಗುಂದ: ಸುಮಾರು 1 ಗಂಟೆ 40 ನಿಮಿಷ
ಬಾದಾಮಿ – ಇಳಕಲ್: ಸುಮಾರು 2 ಗಂಟೆ

ಇದು ಬಸ್ಸು ಚಲಿಸುವ ಅವಧಿ ಮಾತ್ರ. ನೇರ ಬಸ್ ಇಲ್ಲದ ವೇಳೆಯಲ್ಲಿ ನಡುವಿನ ಊರಿನಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯುವ ಸಮಯವನ್ನು ಇದಕ್ಕೆ ಕೂಡಿಸಬೇಕು. ಬಾದಾಮಿಯಿಂದ ಪೂರ್ವಭಾಗದ ಪಟ್ಟಣಗಳಿಗೆ ಹೋಗುವವರಿಗೆ ಈ ಕಾಯುವಿಕೆಯೇ ಅನೇಕ ಬಾರಿ ಪ್ರಯಾಣದ ದೊಡ್ಡ ಪಾಲಾಗುತ್ತದೆ. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯ ಅನ್ವಯ ರಾಜ್ಯದ ಮಹಿಳೆಯರು ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದಾಗಿದೆ.

ಬಾದಾಮಿಯಿಂದ ಸುಮಾರು 5 ಕಿ.ಮೀ. ದೂರದಲ್ಲಿರುವ ಬನಶಂಕರಿಯಲ್ಲಿ ಪುಷ್ಯ ಮಾಸದ ಬನದ ಹುಣ್ಣಿಮೆಗೆ ಜಾತ್ರೆ ಆರಂಭವಾಗುತ್ತದೆ. ಈ ಜಾತ್ರೆಯ ದಿನಗಳಲ್ಲಿ ಬಾದಾಮಿಯ ಕಡೆಗಿನ ರಸ್ತೆಗಳಲ್ಲಿ ಜನಸಂದಣಿ ಹೆಚ್ಚಾಗಿ ಪ್ರಯಾಣದ ಅವಧಿಯೂ ಹೆಚ್ಚುತ್ತದೆ. ಅಂತರ್ಜಾಲದಲ್ಲಿ ದೂರವನ್ನು ಹುಡುಕುವವರು "ಬನಶಂಕರಿ" ಎಂದಷ್ಟೇ ಬರೆದರೆ ಬೆಂಗಳೂರಿನ ಬಡಾವಣೆಯೊಂದರ ದೂರ ದೊರೆಯುವ ಸಾಧ್ಯತೆಯಿರುವುದರಿಂದ, ಬಾದಾಮಿಯ ಹೆಸರನ್ನು ಜೊತೆಗೆ ಸೇರಿಸುವುದು ಒಳಿತು.

ರೈಲು ಮಾರ್ಗ

ಬಾಗಲಕೋಟೆ ಮತ್ತು ಬಾದಾಮಿಗಳು ಗದಗ–ಹೊಟಗಿ ರೈಲು ಮಾರ್ಗದ ಮೇಲಿವೆ. 1876–78ರ ಭೀಕರ ಬರಗಾಲದ ನಂತರ, ಬರಪೀಡಿತ ಪ್ರದೇಶಗಳಿಗೆ ಧಾನ್ಯವನ್ನು ಬೇಗ ಸಾಗಿಸಬೇಕೆಂಬ ಉದ್ದೇಶವೂ ಸೇರಿ ಈ ಮಾರ್ಗದ ನಿರ್ಮಾಣ ನಡೆಯಿತು. ಸದರ್ನ್ ಮರಾಠಾ ರೈಲ್ವೆ ಕಂಪನಿಯು 1884ರಲ್ಲಿ ಇದನ್ನು ಮೀಟರ್ ಗೇಜ್ ಮಾರ್ಗವಾಗಿ ತೆರೆಯಿತು. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಬ್ರಾಡ್ ಗೇಜ್ ಪರಿವರ್ತನೆಯ ಕಾರ್ಯ ಪೂರ್ಣಗೊಂಡಿತು.

ರೈಲಿನಲ್ಲಿ ಬಾಗಲಕೋಟೆ ಮತ್ತು ಬಾದಾಮಿ ನಿಲ್ದಾಣಗಳ ನಡುವಣ ದೂರ ಸುಮಾರು 25 ಕಿ.ಮೀ. ಆಗಿದ್ದು, ಊರುಗಳ ನಡುವಣ ನೇರ ದೂರಕ್ಕಿಂತಲೂ ಕಡಿಮೆ ಕಾಣುತ್ತದೆ. ಬಾದಾಮಿಯ ರೈಲು ನಿಲ್ದಾಣವು ಊರಿನಿಂದ ಉತ್ತರಕ್ಕೆ, ಅಂದರೆ ಬಾಗಲಕೋಟೆಯ ಕಡೆಗೆ, ಸುಮಾರು 5 ಕಿ.ಮೀ. ದೂರದಲ್ಲಿರುವುದೇ ಇದಕ್ಕೆ ಕಾರಣ. ರೈಲಿನಲ್ಲಿ ಅರ್ಧ ಗಂಟೆಯ ಆಸುಪಾಸಿನಲ್ಲಿ ಈ ದೂರ ಸಾಗುತ್ತದೆಯಾದರೂ, ನಿಲ್ದಾಣದಿಂದ ಊರೊಳಕ್ಕೆ ಹೋಗುವ ಸಮಯವನ್ನು ಸೇರಿಸಿದರೆ ಬಸ್ ಪ್ರಯಾಣಕ್ಕೂ ಇದಕ್ಕೂ ದೊಡ್ಡ ಅಂತರ ಉಳಿಯುವುದಿಲ್ಲ. ಗುಳೇದಗುಡ್ಡ ರಸ್ತೆ ಎಂಬ ನಿಲ್ದಾಣವು ಇವೆರಡರ ನಡುವೆ ಇದೆ. ಗದಗದಿಂದ ಬರುವ ಈ ಮಾರ್ಗವು ಹೊಳೆಆಲೂರಿನ ಬಳಿ ಮಲಪ್ರಭೆಯನ್ನು ದಾಟುತ್ತದೆ.

ರೈಲಿನ ದೂರವು ಮಾರ್ಗಕ್ಕೆ ತಕ್ಕಂತೆ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಮೈಸೂರಿನಿಂದ ಈ ಭಾಗಕ್ಕೆ ಬರುವ ಎರಡು ರೈಲುಗಳು ಉತ್ತಮ ನಿದರ್ಶನ. ಗೋಲಗುಂಬಜ್ ಎಕ್ಸ್‌ಪ್ರೆಸ್ ರೈಲು ಬೆಂಗಳೂರು, ಹುಬ್ಬಳ್ಳಿ, ಗದಗ, ಬಾದಾಮಿಗಳ ಮೂಲಕ ಬಾಗಲಕೋಟೆಗೆ ದಕ್ಷಿಣದಿಂದ ಬರುತ್ತದೆ. ಬಸವ ಎಕ್ಸ್‌ಪ್ರೆಸ್ ರೈಲು ಬೆಂಗಳೂರಿನಿಂದ ರಾಯಚೂರು, ಕಲಬುರಗಿ, ಸೊಲ್ಲಾಪುರ, ವಿಜಯಪುರಗಳನ್ನು ಸುತ್ತಿಕೊಂಡು ಅದೇ ಬಾಗಲಕೋಟೆಗೆ ಉತ್ತರದಿಂದ ಬರುತ್ತದೆ. ಹೊರಡುವ ಊರೂ ತಲುಪುವ ಊರೂ ಒಂದೇ ಆಗಿದ್ದರೂ ಕ್ರಮಿಸುವ ದೂರ ಮತ್ತು ಅವಧಿಗಳಲ್ಲಿ ಬಹಳ ಅಂತರವಿದೆ.

ಹುನಗುಂದ ಮತ್ತು ಇಳಕಲ್ಲಿನ ಜನರು ಬಹುಕಾಲ ರೈಲಿಗಾಗಿ ಬಾಗಲಕೋಟೆ, ಆಲಮಟ್ಟಿ ಅಥವಾ ಹೊಸಪೇಟೆಗಳನ್ನು ಅವಲಂಬಿಸಿದ್ದರು. ನಿರ್ಮಾಣದಲ್ಲಿರುವ ಗದಗ–ವಾಡಿ ಹೊಸ ಮಾರ್ಗದ ಮೊದಲ ಭಾಗವಾದ ತಳಕಲ್–ಕುಷ್ಟಗಿ ನಡುವೆ 2025ರ ಮೇ ತಿಂಗಳಲ್ಲಿ ರೈಲು ಸಂಚಾರ ಆರಂಭವಾಯಿತು. ಇದರಿಂದ ಇಳಕಲ್ಲಿನಿಂದ ಹೆದ್ದಾರಿಯಲ್ಲಿ ಸುಮಾರು 25 ಕಿ.ಮೀ. ದೂರದ ಕುಷ್ಟಗಿಯೇ ಸಮೀಪದ ರೈಲು ನಿಲ್ದಾಣವಾಗಿದೆ. ಬಾಗಲಕೋಟೆಯಿಂದ ಪಶ್ಚಿಮಕ್ಕೆ ಕುಡಚಿಯವರೆಗೆ 142 ಕಿ.ಮೀ. ಉದ್ದದ ಇನ್ನೊಂದು ಹೊಸ ಮಾರ್ಗಕ್ಕೆ 2010–11ರಲ್ಲಿ ಮಂಜೂರಾತಿ ದೊರೆತಿದ್ದು, ಅದರಲ್ಲಿ ಖಜ್ಜಿಡೋಣಿಯವರೆಗಿನ ಭಾಗ ಮೊದಲು ಪೂರ್ಣಗೊಂಡಿತು.

ವಿಮಾನ ಪ್ರಯಾಣದ ಅವಧಿ

ದೂರವನ್ನು ತೋರಿಸುವ ಅನೇಕ ಜಾಲತಾಣಗಳು ಯಾವುದೇ ಎರಡು ಊರುಗಳ ಹೆಸರು ಕೊಟ್ಟರೂ ನೇರ ದೂರದ ಜೊತೆಗೆ "ವಿಮಾನದ ಅವಧಿ"ಯನ್ನೂ ತೋರಿಸುತ್ತವೆ. ನೇರ ದೂರವನ್ನು ವಿಮಾನದ ಒಂದು ನಿಗದಿತ ವೇಗದಿಂದ ಭಾಗಿಸಿ, ಕೆಲವೊಮ್ಮೆ ಏರುವುದಕ್ಕೂ ಇಳಿಯುವುದಕ್ಕೂ ಅರ್ಧ ಗಂಟೆಯನ್ನು ಕೂಡಿಸಿ ಈ ಉತ್ತರವನ್ನು ಪಡೆಯಲಾಗುತ್ತದೆ. ಆ ಊರುಗಳಲ್ಲಿ ವಿಮಾನ ನಿಲ್ದಾಣವಿದೆಯೇ ಎಂಬುದನ್ನು ಈ ಲೆಕ್ಕವು ಗಮನಿಸುವುದಿಲ್ಲ.

ಪ್ರಾದೇಶಿಕ ಮಾರ್ಗಗಳಲ್ಲಿ ಬಳಕೆಯಾಗುವ ಎಟಿಆರ್-72 ಮಾದರಿಯ ವಿಮಾನದ ಹಾರಾಟದ ವೇಗವನ್ನು ಗಂಟೆಗೆ 500 ಕಿ.ಮೀ. ಎಂದು ಹಿಡಿದರೆ ಬಾಗಲಕೋಟೆ–ಬಾದಾಮಿ ನಡುವಿನ 29 ಕಿ.ಮೀ.ಗೆ ಮೂರೂವರೆ ನಿಮಿಷ, ಬಾಗಲಕೋಟೆ–ಇಳಕಲ್ ನಡುವಿನ 51 ಕಿ.ಮೀ.ಗೆ ಸುಮಾರು ಆರು ನಿಮಿಷ, ಹುನಗುಂದ–ಇಳಕಲ್ ನಡುವಿನ 13 ಕಿ.ಮೀ.ಗೆ ಒಂದೂವರೆ ನಿಮಿಷ ಎಂಬ ಉತ್ತರ ಬರುತ್ತದೆ. ಏರಿಳಿತದ ಅರ್ಧ ಗಂಟೆಯನ್ನು ಸೇರಿಸಿದರೆ ಹುನಗುಂದದಿಂದ ಇಳಕಲ್ಲಿಗೆ ವಿಮಾನಕ್ಕಿಂತ ಬಸ್ಸೇ ಬೇಗ ತಲುಪುತ್ತದೆ. ಇಷ್ಟು ಸಮೀಪದ ಊರುಗಳ ನಡುವೆ ವಿಮಾನಯಾನವು ವ್ಯವಹಾರ್ಯವಲ್ಲ. ವಿಮಾನವು ತನ್ನ ಹಾರಾಟದ ಎತ್ತರವನ್ನು ಮುಟ್ಟುವ ಮೊದಲೇ ಇಳಿಯಬೇಕಾಗುತ್ತದೆ.

ನಾಲ್ಕು ಪಟ್ಟಣಗಳ ಜನರು ವಿಮಾನ ಪ್ರಯಾಣಕ್ಕಾಗಿ ಹುಬ್ಬಳ್ಳಿ ಮತ್ತು ಬೆಳಗಾವಿಯ ಸಾಂಬ್ರಾ ನಿಲ್ದಾಣಗಳನ್ನು ಮುಖ್ಯವಾಗಿ ಬಳಸುತ್ತಾರೆ. ಪೂರ್ವಭಾಗದವರಿಗೆ ಹೊಸಪೇಟೆಯ ಆಚೆ ತೋರಣಗಲ್ಲಿನ ಬಳಿಯ ವಿದ್ಯಾನಗರ ನಿಲ್ದಾಣವೂ ಒದಗುತ್ತದೆ. ಹುಬ್ಬಳ್ಳಿಯು ಬಾದಾಮಿಯಿಂದ ರಸ್ತೆಯಲ್ಲಿ ನೂರು ಕಿ.ಮೀ.ಗಿಂತ ತುಸು ಹೆಚ್ಚು, ಬಾಗಲಕೋಟೆಯಿಂದ ಸುಮಾರು 125 ಕಿ.ಮೀ. ದೂರದಲ್ಲಿದೆ.

ಬಾಗಲಕೋಟೆಯಿಂದ ಬೆಂಗಳೂರಿಗೆ ನೇರ ದೂರ ಸುಮಾರು 410 ಕಿ.ಮೀ., ರಸ್ತೆಯ ದೂರ ಸುಮಾರು 480 ಕಿ.ಮೀ., ಹುಬ್ಬಳ್ಳಿಯ ಮೂಲಕ ರೈಲಿನ ದೂರ ಸುಮಾರು 620 ಕಿ.ಮೀ. ಆಗಿದೆ. ವಿಮಾನದಲ್ಲಿ ಹೋಗುವುದಾದರೆ ಹುಬ್ಬಳ್ಳಿಗೆ ಎರಡೂವರೆ ಗಂಟೆ, ನಿಲ್ದಾಣದಲ್ಲಿ ತಪಾಸಣೆಗೆ ಕನಿಷ್ಠ ಒಂದು ಗಂಟೆ, ಹಾರಾಟಕ್ಕೆ ಒಂದು ಗಂಟೆಗಿಂತ ತುಸು ಹೆಚ್ಚು, ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಿಂದ ನಗರದೊಳಕ್ಕೆ ಒಂದರಿಂದ ಒಂದೂವರೆ ಗಂಟೆ, ಹೀಗೆ ಒಟ್ಟು ಆರು ಗಂಟೆಗಳಾಗುತ್ತವೆ. ಕಾರಿನಲ್ಲಿ ನೇರವಾಗಿ ಹೋದರೆ ಎಂಟರಿಂದ ಒಂಬತ್ತು ಗಂಟೆ ಬೇಕಾಗುತ್ತದೆ. ಅಂದರೆ ಹಾರಾಟದ ವೇಗವು ರಸ್ತೆಯ ವೇಗಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದ್ದರೂ ಉಳಿತಾಯವಾಗುವುದು ಎರಡು ಮೂರು ಗಂಟೆ ಮಾತ್ರ.

ಯುರೋಪಿನಲ್ಲಿಯೂ ಇದೇ ಬಗೆಯ ಹೋಲಿಕೆ ಕಂಡುಬರುತ್ತದೆ. ಲಂಡನ್ ಮತ್ತು ಪ್ಯಾರಿಸ್ ನಡುವಣ ನೇರ ದೂರ ಸುಮಾರು 344 ಕಿ.ಮೀ.; ಇದು ಹುಬ್ಬಳ್ಳಿ–ಬೆಂಗಳೂರು ನಡುವಣ ನೇರ ದೂರಕ್ಕಿಂತ ಸ್ವಲ್ಪವೇ ಕಡಿಮೆ. ಅಲ್ಲಿ ವಿಮಾನವು ಒಂದೂಕಾಲು ಗಂಟೆಯಲ್ಲಿ ತಲುಪುತ್ತದೆ. ಕಡಲ ಕೆಳಗಿನ ಸುರಂಗದ ಮೂಲಕ ಹೋಗುವ ವೇಗದ ರೈಲು ಎರಡೂಕಾಲು ಗಂಟೆಯ ಆಸುಪಾಸಿನಲ್ಲಿ ನಗರದ ಮಧ್ಯಭಾಗದಿಂದ ಇನ್ನೊಂದು ನಗರದ ಮಧ್ಯಭಾಗಕ್ಕೆ ತಲುಪಿಸುತ್ತದೆ. ನಿಲ್ದಾಣಕ್ಕೆ ಹೋಗಿಬರುವ ಸಮಯವನ್ನು ಸೇರಿಸಿ ನೋಡಿದಾಗ ಅಲ್ಲಿ ರೈಲೇ ಮುಂದಿರುತ್ತದೆ.

ಸಮಯದ ವ್ಯತ್ಯಾಸ

ನಾಲ್ಕೂ ಪಟ್ಟಣಗಳು ಭಾರತೀಯ ಪ್ರಮಾಣ ಕಾಲವನ್ನೇ ಅನುಸರಿಸುವುದರಿಂದ ಗಡಿಯಾರದಲ್ಲಿ ವ್ಯತ್ಯಾಸವಿಲ್ಲ. ಸೂರ್ಯನ ಗತಿಯ ಪ್ರಕಾರ ಒಂದು ಡಿಗ್ರಿ ರೇಖಾಂಶಕ್ಕೆ ನಾಲ್ಕು ನಿಮಿಷಗಳಂತೆ ಬಾದಾಮಿಗಿಂತ ಇಳಕಲ್ಲಿನಲ್ಲಿ ಸೂರ್ಯನು ಸುಮಾರು ಎರಡು ನಿಮಿಷ ಮೊದಲೇ ನೆತ್ತಿಗೆ ಬರುತ್ತಾನೆ. ಪ್ರಮಾಣ ಕಾಲದ ಆಧಾರವಾದ 82.5° ಪೂರ್ವ ರೇಖಾಂಶಕ್ಕೆ ಹೋಲಿಸಿದರೆ ಬಾಗಲಕೋಟೆಯ ಸ್ಥಳೀಯ ಮಧ್ಯಾಹ್ನವು ಸುಮಾರು 27 ನಿಮಿಷ ತಡವಾಗಿರುತ್ತದೆ.

ದೂರದ ಹಳೆಯ ಮಾನಗಳು

ಈ ಭಾಗದ ಹಿರಿಯರ ಮಾತಿನಲ್ಲಿ ದೂರವನ್ನು ಹೇಳಲು ಹರದಾರಿ, ಗಾವುದ ಎಂಬ ಪದಗಳು ಬಳಕೆಯಲ್ಲಿದ್ದವು. ಒಂದು ಹರದಾರಿಯೆಂದರೆ ಸುಮಾರು ಮೂರು ಮೈಲಿ, ಅಂದರೆ ಐದು ಕಿ.ಮೀ.ಗೆ ಸಮೀಪ. ಈ ಲೆಕ್ಕದಲ್ಲಿ ಹುನಗುಂದದಿಂದ ಇಳಕಲ್ಲಿಗೆ ಮೂರು ಹರದಾರಿಯಾಗುತ್ತದೆ. ಹರದಾರಿಯು ನಡಿಗೆಗೆ ಹೊಂದಿಕೊಂಡ ಮಾನವಾಗಿದ್ದು, ಸುಮಾರು ಒಂದು ಗಂಟೆಯ ನಡಿಗೆಯನ್ನು ಸೂಚಿಸುತ್ತಿತ್ತು. ದೂರ ಮತ್ತು ಕಾಲಗಳೆರಡೂ ಒಂದೇ ಮಾತಿನಲ್ಲಿ ತಿಳಿಯುತ್ತಿದ್ದವು. ಬ್ರಿಟಿಷರ ಆಳ್ವಿಕೆಯಲ್ಲಿ ಮೈಲಿಗಲ್ಲುಗಳು ಬಂದವು. ಸ್ವಾತಂತ್ರ್ಯಾನಂತರ ಮೆಟ್ರಿಕ್ ಪದ್ಧತಿ ಜಾರಿಗೆ ಬಂದ ಮೇಲೆ ಕಿಲೋಮೀಟರ್ ರೂಢಿಗೆ ಬಂದಿತು. ಆದರೂ ಕಿಲೋಮೀಟರ್ ಬರೆದ ಕಲ್ಲನ್ನು ಇಂದಿಗೂ ಮೈಲಿಗಲ್ಲು ಎಂದೇ ಕರೆಯುತ್ತಾರೆ.

ಆಲಮಟ್ಟಿ ಜಲಾಶಯ ಮತ್ತು ಬಾಗಲಕೋಟೆಯ ಸ್ಥಳಾಂತರ

ಬಾಗಲಕೋಟೆಯಿಂದ ಇತರ ಊರುಗಳಿಗಿರುವ ದೂರವನ್ನು ಹೇಳುವಾಗ ಪಟ್ಟಣದ ಯಾವ ಭಾಗದಿಂದ ಎಂಬುದನ್ನೂ ಹೇಳಬೇಕಾಗುತ್ತದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಶಂಕುಸ್ಥಾಪನೆಯಾಯಿತು. ಅದರ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದಕ್ಕೆ ಹರಡಿ ಹಳೆಯ ಬಾಗಲಕೋಟೆಯ ತಗ್ಗಿನ ಭಾಗಗಳನ್ನು ಮುಳುಗಿಸಿತು. ಮನೆ ಕಳೆದುಕೊಂಡವರಿಗಾಗಿ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರದ ಮೂಲಕ ನವನಗರವೆಂಬ ಹೊಸ ಊರನ್ನು ಕಟ್ಟಲಾಯಿತು. ಜಿಲ್ಲಾಡಳಿತದ ಕಚೇರಿಗಳು ನವನಗರದಲ್ಲಿವೆ. ಈಗ ಹಳೆಯ ಬಾಗಲಕೋಟೆ, ವಿದ್ಯಾಗಿರಿ ಮತ್ತು ನವನಗರ ಎಂಬ ಮೂರು ಭಾಗಗಳು ಸೇರಿ ಒಂದು ನಗರವಾಗಿವೆ. ಇವು ಪರಸ್ಪರ ಕೆಲವು ಕಿ.ಮೀ. ಅಂತರದಲ್ಲಿರುವುದರಿಂದ, ಹಳೆಯ ಪುಸ್ತಕಗಳಲ್ಲಿರುವ ದೂರಕ್ಕೂ ಇಂದಿನ ದೂರಕ್ಕೂ ವ್ಯತ್ಯಾಸ ಕಾಣುತ್ತದೆ.

ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು ಅನುಮತಿ ನೀಡಿದೆ. ಈ ಮಟ್ಟಕ್ಕೆ ನೀರು ನಿಂತರೆ ಇನ್ನಷ್ಟು ಜಮೀನು ಮತ್ತು ವಸತಿಪ್ರದೇಶ ಮುಳುಗಡೆಯಾಗಲಿದ್ದು, ಕೆಲವು ಸ್ಥಳೀಯ ರಸ್ತೆಗಳೂ ಬದಲಾಗಬೇಕಾಗುತ್ತದೆ.

ಪ್ರವಾಹ ಮತ್ತು ಸಂಪರ್ಕ ಕಡಿತ

ಮಲಪ್ರಭಾ, ಘಟಪ್ರಭಾ ಮತ್ತು ಕೃಷ್ಣಾ ನದಿಗಳಿಗೆ ಮಹಾಪೂರ ಬಂದಾಗ ಈ ಪಟ್ಟಣಗಳ ನಡುವಣ ದೂರವು ಒಮ್ಮೆಲೇ ಹೆಚ್ಚುತ್ತದೆ. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಆರಂಭದ ಮಳೆಯಲ್ಲಿ ಉತ್ತರ ಕರ್ನಾಟಕದ ಅನೇಕ ಗ್ರಾಮಗಳು ಜಲಾವೃತವಾದವು. 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆಯ ನೀರು ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೂ ನುಗ್ಗಿತು. ಇಂಥ ದಿನಗಳಲ್ಲಿ ತಗ್ಗಿನ ಸೇತುವೆಗಳ ಮೇಲೆ ಸಂಚಾರ ನಿಲ್ಲುವುದರಿಂದ, ನದಿಯ ಒಂದು ದಂಡೆಯಿಂದ ಎದುರಿಗೆ ಕಾಣುವ ಇನ್ನೊಂದು ದಂಡೆಗೆ ಹೋಗಲು ಬಹುದೂರದ ಎತ್ತರದ ಸೇತುವೆಯನ್ನು ಬಳಸಬೇಕಾಗುತ್ತದೆ. ಮಳೆಗಾಲದಲ್ಲಿ ಬಾದಾಮಿ–ಐಹೊಳೆ ದಾರಿಯನ್ನು ಹಿಡಿಯುವ ಮೊದಲು ನೀರಿನ ಮಟ್ಟವನ್ನು ವಿಚಾರಿಸುವುದು ಸ್ಥಳೀಯರ ರೂಢಿ.

ಆಡಳಿತ ಮತ್ತು ಜನಜೀವನದಲ್ಲಿ ದೂರದ ಪ್ರಾಮುಖ್ಯ

ಈ ನಾಲ್ಕು ಪಟ್ಟಣಗಳು 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿದ್ದ ಅವಿಭಜಿತ ವಿಜಾಪುರ ಜಿಲ್ಲೆಗೆ ಸೇರಿದ್ದವು. ಅದಕ್ಕೂ ಹಿಂದೆ, 1880ರ ದಶಕದ ಮಧ್ಯಭಾಗದವರೆಗೆ, ಜಿಲ್ಲೆಯ ಆಡಳಿತ ಕೇಂದ್ರವು ಬಾಗಲಕೋಟೆಯ ಪಶ್ಚಿಮದ ಕಲಾದಗಿಯಲ್ಲಿತ್ತು. ಅದು ವಿಜಾಪುರಕ್ಕೆ ಹೋದ ಮೇಲೆ ದಕ್ಷಿಣ ತಾಲೂಕುಗಳ ಜನರಿಗೆ ಜಿಲ್ಲಾ ಕಚೇರಿ ದೂರವಾಯಿತು. ಇಳಕಲ್ಲಿನವರು ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗಬೇಕಾದರೆ ಕೃಷ್ಣೆಯನ್ನು ದಾಟಿ ನೂರು ಕಿ.ಮೀ.ಗೂ ಮಿಕ್ಕಿ ಪ್ರಯಾಣಿಸಬೇಕಾಗಿತ್ತು. 1997ರ ಆಗಸ್ಟ್ 15ರಂದು ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದಾಗ ಈ ದೂರ 60–65 ಕಿ.ಮೀ.ಗೆ ಇಳಿಯಿತು. ಮುಂದೆ 2017–18ರಲ್ಲಿ ರಚನೆಯಾದ ಹೊಸ ತಾಲೂಕುಗಳಲ್ಲಿ ಇಳಕಲ್ ಮತ್ತು ಗುಳೇದಗುಡ್ಡಗಳೂ ಸೇರಿದ್ದರಿಂದ, ತಹಶೀಲ್ದಾರರ ಕಚೇರಿಗಾಗಿ ಹುನಗುಂದಕ್ಕೆ ಹೋಗಿಬರುವ ಅಗತ್ಯ ಇಳಕಲ್ಲಿನವರಿಗೆ ಉಳಿಯಲಿಲ್ಲ.

ತುರ್ತು ಚಿಕಿತ್ಸೆಯ ಸಂದರ್ಭದಲ್ಲಿ ಪ್ರಯಾಣಕಾಲಕ್ಕೆ ಹೆಚ್ಚಿನ ಮಹತ್ವವಿದೆ. ಅಪಘಾತಕ್ಕೀಡಾದವರಿಗೆ ಮೊದಲ ಒಂದು ಗಂಟೆಯೊಳಗೆ ಚಿಕಿತ್ಸೆ ದೊರೆಯುವುದು ಮುಖ್ಯವೆಂದು ವೈದ್ಯರು ಹೇಳುತ್ತಾರೆ. ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮತ್ತು ಜಿಲ್ಲಾಸ್ಪತ್ರೆಗಳಿರುವುದು ಬಾಗಲಕೋಟೆಯಲ್ಲಿ. ಬಾದಾಮಿ ಮತ್ತು ಹುನಗುಂದಗಳಿಂದ ವೇಗದ ವಾಹನದಲ್ಲಿ ಈ ಒಂದು ಗಂಟೆಯೊಳಗೆ ಅಲ್ಲಿಗೆ ಮುಟ್ಟಬಹುದು. ಇಳಕಲ್ಲಿನಿಂದ ಹಾಗೂ ಅದರ ಆಚೆಯ ಹಳ್ಳಿಗಳಿಂದ ಇದು ಕಷ್ಟಸಾಧ್ಯ. ಇಂಥ ವೇಳೆಯಲ್ಲಿ ಜಾಲತಾಣವು ತೋರಿಸುವ 51 ಕಿ.ಮೀ. ನೇರ ದೂರವನ್ನು ನಂಬಿ ಸಮಯವನ್ನು ಅಂದಾಜಿಸುವುದು ಅಪಾಯಕಾರಿಯಾಗಬಲ್ಲದು.

ವ್ಯಾಪಾರದಲ್ಲಿಯೂ ಈ ದಾರಿಗಳು ಮುಖ್ಯವಾಗಿವೆ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಸಾಂಪ್ರದಾಯಿಕ ಉಡುಗೆಯಲ್ಲಿ ಇಳಕಲ್ ಸೀರೆ ಮತ್ತು ಗುಳೇದಗುಡ್ಡದ ಕುಪ್ಪಸದ ಖಣ ಜೋಡಿಯಾಗಿ ಬರುತ್ತವೆ. ಮಲಪ್ರಭೆಯ ಎರಡು ದಂಡೆಗಳ ಈ ನೇಕಾರಿಕೆಯ ಊರುಗಳನ್ನು ಕಮತಗಿ–ಅಮೀನಗಡದ ರಸ್ತೆ ಜೋಡಿಸುತ್ತದೆ. ರೈಲು ಸಂಪರ್ಕವಿಲ್ಲದ ಇಳಕಲ್ಲಿಗೆ ನೂಲು ಬರುವುದೂ ಅಲ್ಲಿಂದ ಸೀರೆಗಳು ಹೊರಹೋಗುವುದೂ ರಸ್ತೆಯ ಮೂಲಕವೇ. ಆದ್ದರಿಂದ ಹೆದ್ದಾರಿಯ ಸ್ಥಿತಿ ಮತ್ತು ಸಾಗಣೆಯ ವೆಚ್ಚ ನೇಕಾರರ ಆದಾಯದ ಮೇಲೆ ನೇರವಾಗಿ ಪರಿಣಾಮ ಬೀರುತ್ತವೆ.